ಮೊದಲು ಗುಡ್ ಮಾರ್ನಿಂಗ್, ಆಮೇಲೆ ರೇಟು

ಕೆರಿಬಿಯನ್ ಸಮುದ್ರದ ಟೊಬಾಗೊ ದ್ವೀಪದಲ್ಲಿ ರೂಮ್ ಬಾಡಿಗೆಗೆ ಕೊಡುವ ಹೆಂಗಸು ಫೋನ್ ಎತ್ತಿ "ಹಲೋ" ಅಂದರು. ನಾನು ಒಂದೇ ಉಸಿರಿಗೆ ಕೇಳಿದೆ. ಮಾರ್ಚ್ 9ರಿಂದ ಒಂದು ವಾರ ರೂಮ್ ಇದೆಯಾ, ನಾವು ಮೂರು ಜನ, ಅಡುಗೆಮನೆ ಬೇಕು, ರೇಟ್ ಎಷ್ಟು?

ಆ ಕಡೆ ಸದ್ದಿಲ್ಲ. ಲೈನ್ ಕಟ್ ಆಯ್ತಾ ಅಂತ ಸ್ಕ್ರೀನ್ ನೋಡಿದೆ. ಇಲ್ಲ, ಸೆಕೆಂಡುಗಳು ಓಡುತ್ತಲೇ ಇದ್ದವು. ಆಮೇಲೆ ಬಂತು, ಒಂದೊಂದೇ ಅಕ್ಷರ ಬಿಡಿಸಿಟ್ಟ ಹಾಗೆ: "ಗುಡ್ ಮಾರ್ನಿಂಗ್."

"ಹಾಂ, ಯೆಸ್. ರೂಮ್ ಇದೆಯಾ?" ಅಂದೆ.

"ಗುಡ್ ಮಾರ್ನಿಂಗ್." ಈ ಸಲ ಇನ್ನೂ ನಿಧಾನ.

ನನಗೆ ಆಗ 47 ವರ್ಷ. ಮೀಸೆ ಅರ್ಧ ಬಿಳಿ. ಮೇಡಂ ಕ್ಲಾಸಿಗೆ ಬಂದಾಗ ಎದ್ದು ನಿಲ್ಲದ ಒಂದನೇ ಕ್ಲಾಸ್ ಹುಡುಗನ ಹಾಗೆ ಸಿಕ್ಕಿಬಿದ್ದಿದ್ದೆ. ಸೋಫಾ ಮೇಲೆ ಬಟ್ಟೆ ಮಡಚುತ್ತಿದ್ದ ಹೆಂಡತಿ ಬಾಯಿಗೆ ಟವೆಲ್ ಅಡ್ಡ ಹಿಡಿದು ನಗುತ್ತಿದ್ದಳು. ಕೊನೆಗೆ "ಗುಡ್ ಮಾರ್ನಿಂಗ್ ಮೇಡಂ" ಅಂದೆ. ಅಷ್ಟೇ, ಆ ದನಿಯೇ ಬದಲಾಯಿತು. "ಗುಡ್ ಮಾರ್ನಿಂಗ್ ಡಾರ್ಲಿಂಗ್! ಹೇಗಿದ್ದೀಯಪ್ಪಾ? ಅಲ್ಲಿ ತುಂಬಾ ಚಳಿಯಾ?"

ರೂಮ್ ಇತ್ತು. ರೇಟೂ ಹೇಳಿದರು. ಆದರೆ ಇಡೀ ದಿನ ನನಗೆ ಹಲ್ಲಿನಲ್ಲಿ ಮೆಣಸಿನ ಸಿಪ್ಪೆ ಸಿಕ್ಕಿಕೊಂಡ ಹಾಗೆ ಕಸಿವಿಸಿ.

ಕೆರಿಬಿಯನ್‌ಗೆ ಹೋಗೋಣ ಅಂತ ತೀರ್ಮಾನವಾಗಿದ್ದು 2024ರ ಜನವರಿಯಲ್ಲಿ. ಟೊರೊಂಟೊ ಕಡೆಯವರಿಗೆ ಇದೇನು ದೊಡ್ಡ ಸುದ್ದಿಯಲ್ಲ. ಹಿಮ ಎತ್ತಿ ಎತ್ತಿ ಸೊಂಟ ಹಿಡಿದುಕೊಂಡ ಮೇಲೆ ಎಲ್ಲರೂ ಕ್ಯೂಬಾ, ಪುಂಟಾ ಕಾನಾ ಅಂತ ಹೊರಡುತ್ತಾರೆ. ಕೈಗೆ ಪ್ಲಾಸ್ಟಿಕ್ ಪಟ್ಟಿ ಕಟ್ಟುತ್ತಾರೆ, ರೆಸಾರ್ಟ್ ಒಳಗೇ ಊಟ, ಒಳಗೇ ಸಮುದ್ರ. ನಾವೂ ಒಂದು ಸಲ ಹೋಗಿದ್ದೆವು. ಏಳು ದಿನ ಪಾಸ್ತಾಕ್ಕೆ ಚಟ್ನಿಪುಡಿ ಹಾಕಿಕೊಂಡು ತಿಂದು ಬಂದೆವು. ಇನ್ನೊಂದು ಸಲ ಬೇಡ ಅಂತ ಹೆಂಡತಿ ಅವತ್ತೇ ಹೇಳಿದ್ದಳು.

ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವನು ಟ್ರಿನಿಡಾಡ್‌ನ ಸ್ಯಾನ್ ಫರ್ನಾಂಡೊದವನು. ಅವನ ಪೂರ್ವಜರು ಕಲ್ಕತ್ತೆಯಿಂದ ಹಡಗು ಹತ್ತಿ ಕಬ್ಬಿನ ಗದ್ದೆ ಕೂಲಿಗೆ ಹೋದವರು. ಅಂಥ ಮೊದಲ ಹಡಗು ಅಲ್ಲಿಗೆ ಮುಟ್ಟಿದ್ದು 1845ರ ಮೇ 30ಕ್ಕೆ. ಆ ವ್ಯವಸ್ಥೆ ನಿಂತಿದ್ದು 1917ರಲ್ಲಿ. "ಸಮುದ್ರಕ್ಕೆ ಟೊಬಾಗೊ, ಊಟಕ್ಕೆ ಟ್ರಿನಿಡಾಡ್. ಎರಡೂ ಒಂದೇ ದೇಶ, ನಡುವೆ ವಿಮಾನದಲ್ಲಿ 25 ನಿಮಿಷ. ನಿನಗೆ ಪಾಸ್ತಾ ಬೇಕಾಗಲ್ಲ" ಅಂದ. ನನ್ನದೂ ಹೆಂಡತಿಯದೂ ಇನ್ನೂ ಭಾರತದ ಪಾಸ್‌ಪೋರ್ಟ್. ಅದಕ್ಕೂ ಅಲ್ಲಿ ವೀಸಾ ಕೇಳುವುದಿಲ್ಲ ಅಂತ ಗೊತ್ತಾದಾಗ ಅರ್ಧ ಕೆಲಸ ಮುಗಿಯಿತು. ಮಯಾಮಿ ಮೇಲೆ ಹೋದರೆ ಅಮೆರಿಕದ ಕಾಗದಪತ್ರದ ತಲೆನೋವು. ಟೊರೊಂಟೊದಿಂದ ನೇರ ವಿಮಾನ, ಐದೂವರೆ ಗಂಟೆ, ಅದೇ ಸರಿ.

ಪ್ಲಾನ್ ಮಾಡುವುದರಲ್ಲಿ ನಾನು ನಮ್ಮಪ್ಪನ ಮಗ. ನಮ್ಮಪ್ಪ ಬೆಳಗಿನ ಜಾವ ನಾಲ್ಕಕ್ಕೆ ಎಲ್ಲರನ್ನೂ ಎಬ್ಬಿಸಿ, ಧರ್ಮಸ್ಥಳ, ಸುಬ್ರಹ್ಮಣ್ಯ, ಹೊರನಾಡು, ಶೃಂಗೇರಿ ಎರಡೇ ದಿನದಲ್ಲಿ "ಕವರ್" ಮಾಡಿಸಿದವರು. ದಾರಿಯಲ್ಲಿ ಪುಳಿಯೋಗರೆ, ಕಾರಿನಲ್ಲಿ ವಾಂತಿ. ನಾನೂ ಎಕ್ಸೆಲ್ ಶೀಟ್ ತೆರೆದೆ. ಅಲ್ಲಿನ ದೊಡ್ಡ ಹಬ್ಬ ಕಾರ್ನಿವಲ್ ಫೆಬ್ರವರಿ 12, 13ಕ್ಕೆ ಮುಗಿಯುತ್ತೆ, ಆಮೇಲೆ ರೇಟು ಇಳಿಯುತ್ತೆ. ಮಾರ್ಚ್‌ನಲ್ಲಿ ಮಗನಿಗೆ ಸ್ಕೂಲ್ ರಜೆ. ಜನವರಿಯಿಂದ ಮೇವರೆಗೆ ಅಲ್ಲಿ ಮಳೆ ಕಡಿಮೆ. ಒಂದು ಕಾಲಂ ನೈಲಾನ್ ಪೂಲ್‌ಗೆ. ಅದು ನಡುಸಮುದ್ರದಲ್ಲಿ ಸೊಂಟದವರೆಗಷ್ಟೇ ನೀರಿರುವ ಜಾಗ, 1962ರಲ್ಲಿ ಇಂಗ್ಲೆಂಡಿನ ರಾಜಕುಮಾರಿ ಮಾರ್ಗರೆಟ್ ಬಂದಾಗ ಆ ಹೆಸರು ಬಂತಂತೆ. ಇನ್ನೊಂದು ಕಾಲಂ ಮೇನ್ ರಿಡ್ಜ್ ಕಾಡಿಗೆ. ಮಳೆ ತಪ್ಪಬಾರದು ಅಂತ 1776ರಲ್ಲೇ ಕಾನೂನು ಮಾಡಿ ಉಳಿಸಿಕೊಂಡ ಕಾಡು ಅದು. ನಮ್ಮ ಘಟ್ಟದವರು ಇದನ್ನೊಮ್ಮೆ ಓದಬೇಕು, ಇರಲಿ. ಮಗನ ಮಿಲಿಟರಿ ಡಿಸೈನಿನ ಚಡ್ಡಿ ಸೂಟ್‌ಕೇಸಿನಿಂದ ಹೊರಗೆ ಹೋಯಿತು. ಆ ದೇಶದಲ್ಲಿ ಸೈನಿಕರಲ್ಲದವರು ಅಂಥ ಬಟ್ಟೆ ಹಾಕುವಂತಿಲ್ಲ, ತರುವಂತೆಯೂ ಇಲ್ಲ. ಕನ್ನಡ ಕೂಟದ ಗ್ರೂಪಿನಲ್ಲಿ ಸಲಹೆ ಕೇಳಿದ್ದಕ್ಕೆ ಒಂಬತ್ತು ಜನ ಒಂದೇ ಉತ್ತರ ಕೊಟ್ಟರು: ರೈಸ್ ಕುಕ್ಕರ್ ಮರೀಬೇಡಿ.

ಯಾರೂ ಗುಡ್ ಮಾರ್ನಿಂಗ್ ಮರೀಬೇಡಿ ಅನ್ನಲಿಲ್ಲ.

ಮಾರನೇ ದಿನ ಪಕ್ಕದ ಮೇಜಿನವನಿಗೆ ಫೋನಿನ ಕಥೆ ಹೇಳಿದೆ. ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. "ನಮ್ಮಲ್ಲಿ ಅದು ಇಲ್ಲದೆ ಮಾತೇ ಶುರುವಾಗಲ್ಲ. ಅಂಗಡಿಗೆ ಹೋದರೂ, ಡಾಕ್ಟರ್ ಹತ್ತಿರ ಹೋದರೂ, ಟ್ಯಾಕ್ಸಿ ಹತ್ತಿದರೂ ಮೊದಲು ಅದು. ಇಲ್ಲ ಅಂದರೆ ಮನೆಯಲ್ಲಿ ಬೆಳೆಸಿದವರು ಸರಿ ಇಲ್ಲ ಅಂತ ಅರ್ಥ" ಅಂದ. ಸ್ವಲ್ಪ ಹೊತ್ತು ಬಿಟ್ಟು, ಮಾನಿಟರ್ ನೋಡುತ್ತಲೇ ಸೇರಿಸಿದ: "ನಾನು ಆರು ವರ್ಷದಿಂದ ದಿನಾ ನಿನಗೆ ಗುಡ್ ಮಾರ್ನಿಂಗ್ ಹೇಳ್ತೀನಿ. ನೀನು 'ಆ ಫೈಲ್ ಕಳಿಸಿದ್ಯಾ' ಅಂತೀಯ."

ಹೌದು. ಅಂತೀನಿ. ಮನಸ್ಸಿನಲ್ಲಿ ಅವನ ಮೇಲೆ ಪ್ರೀತಿ ಇಟ್ಟುಕೊಂಡೇ ಅಂತೀನಿ, ಅದು ಬೇರೆ ವಿಷಯ.

ಎರಡನೇ ಫೋನ್ ಮಾಡಿದ್ದು ಅಡ್ವಾನ್ಸ್ ಕಳಿಸುವುದು ಹೇಗೆ ಅಂತ ಕೇಳಲು. ಈ ಸಲ ತಯಾರಾಗಿದ್ದೆ. ಗಂಟಲು ಸರಿ ಮಾಡಿಕೊಂಡು, ಅವರು ಬಾಯಿ ತೆರೆಯುವ ಮೊದಲೇ "ಗುಡ್ ಮಾರ್ನಿಂಗ್!" ಅಂದೆ, ಹತ್ತನೇ ಕ್ಲಾಸಿನಲ್ಲಿ ರ್‍ಯಾಂಕ್ ಬಂದವನ ಹಾಗೆ. "ಗುಡ್ ಆಫ್ಟರ್‌ನೂನ್, ಡಾರ್ಲಿಂಗ್" ಅಂದರು ಆಂಟಿ. ಚಳಿಗಾಲದಲ್ಲಿ ಟೊಬಾಗೊ ನಮಗಿಂತ ಒಂದು ಗಂಟೆ ಮುಂದೆ. ಇಲ್ಲಿ ಹನ್ನೊಂದೂ ಇಪ್ಪತ್ತು, ಅಲ್ಲಿ ಹನ್ನೆರಡು ದಾಟಿತ್ತು. ಎಕ್ಸೆಲ್ ಶೀಟಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಮೂರನೇ ಫೋನ್ ಮಾತ್ರ ನಗುವಂಥದ್ದಲ್ಲ. ಫೆಬ್ರವರಿ 7ರಂದು ಟೊಬಾಗೊದ ಹತ್ತಿರ ಒಂದು ಬಾರ್ಜ್, ಅಂದರೆ ಸರಕು ಸಾಗಿಸುವ ಚಪ್ಪಟೆ ದೋಣಿ, ಮಗುಚಿ ಸಮುದ್ರಕ್ಕೆಲ್ಲ ಎಣ್ಣೆ ಚೆಲ್ಲಿತು. ಕಪ್ಪು ದಡ, ಕಪ್ಪು ಕೈಗವಸು ಹಾಕಿಕೊಂಡು ಎಣ್ಣೆ ಬಾಚುತ್ತಿರುವ ಊರಿನ ಜನ, ಟಿವಿ ತುಂಬಾ ಅದೇ. ಅಲ್ಲಿನ ಆಗಿನ ಪ್ರಧಾನಿ ಕೀತ್ ರೌಲಿ ಇದು ರಾಷ್ಟ್ರೀಯ ತುರ್ತು ಅಂದರು. ಅವರೂ ಟೊಬಾಗೊದವರೇ. ಹೆಂಡತಿ ಫೋನಿನಲ್ಲಿ ಫೋಟೋ ತೋರಿಸಿ, "ಇಲ್ಲಿಗಾ ನಾವು ಹೋಗ್ತಿರೋದು?" ಅಂದಳು. ನನ್ನ ಮೊದಲ ಯೋಚನೆ, ಸುಳ್ಳು ಯಾಕೆ ಹೇಳಲಿ, ಅಡ್ವಾನ್ಸ್ ವಾಪಸ್ ಬರುತ್ತಾ ಅನ್ನೋದು.

ಹಳೇ ನಾನಾಗಿದ್ದರೆ "ಹಲೋ, ಎಣ್ಣೆ ಎಲ್ಲಿವರೆಗೆ ಬಂದಿದೆ? ಕ್ಯಾನ್ಸಲ್ ಮಾಡಿದರೆ ಎಷ್ಟು ಕಟ್ ಮಾಡ್ತೀರಿ?" ಅಂತ ಶುರು ಮಾಡುತ್ತಿದ್ದೆ. ಗಡಿಯಾರ ನೋಡಿಕೊಂಡು "ಗುಡ್ ಆಫ್ಟರ್‌ನೂನ್ ಆಂಟಿ" ಅಂದೆ. ಅದಾದ ಮೇಲೆ ನೇರ ಎಣ್ಣೆಗೆ ಹೇಗೆ ಹಾರುವುದು? "ಹೇಗಿದ್ದೀರಿ" ಅಂತ ಕೇಳಬೇಕಾಯಿತು. ಆ ಒಂದು ಮಾತಿಗೆ ಅವರು ಅರ್ಧ ಗಂಟೆ ಮಾತಾಡಿದರು. ಎಣ್ಣೆ ಬಂದಿರುವುದು ಅಟ್ಲಾಂಟಿಕ್ ಕಡೆಗೆ, ಲ್ಯಾಂಬೋ ಕಡೆಗೆ. ನಮ್ಮ ಬದಿ ಕೆರಿಬಿಯನ್ ಸಮುದ್ರ, ಇವತ್ತು ಬೆಳಿಗ್ಗೆ ತಾನೇ ಇಳಿದು ಬಂದೆ, ನೀರು ಚೆನ್ನಾಗಿದೆ ಅಂದರು. ಅಣ್ಣನ ಮಗ ಮೂರು ದಿನದಿಂದ ದಡ ಬಾಚಲು ಹೋಗುತ್ತಿದ್ದಾನೆ, ರಾತ್ರಿ ಬಂದು ತಲೆನೋವು ಅಂತ ಮಲಗುತ್ತಾನೆ. ಹೆದರಿಕೆ ಇದ್ದರೆ ಬರಬೇಡಿ, ದುಡ್ಡು ವಾಪಸ್ ಕಳಿಸುತ್ತೇನೆ, ಬೇಜಾರಿಲ್ಲ. ದುಡ್ಡಿನ ಮಾತು ನಾನು ಎತ್ತಿರಲೇ ಇಲ್ಲ. ಫೋನ್ ಇಟ್ಟ ಮೇಲೆ "ಹೋಗೋಣ" ಅಂದೆ. ಹೆಂಡತಿಯೂ ಸ್ಪೀಕರ್‌ನಲ್ಲಿ ಕೇಳಿಸಿಕೊಂಡಿದ್ದಳು.

ಅವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಹುಳು. ನಮ್ಮಲ್ಲಿ ಇದು ಯಾಕಿಲ್ಲ?

ನಮ್ಮೂರಿನ ಆಟೋ ಮಾತುಕತೆ ನೆನಪಿಸಿಕೊಳ್ಳಿ. ನಾವು ಬಗ್ಗಿ "ಬಸವನಗುಡಿ?" ಅಂತೀವಿ. ಅವನು ರಸ್ತೆ ನೋಡಿಕೊಂಡೇ "ಮುನ್ನೂರು" ಅಂತಾನೆ. ಎರಡು ಪದ, ಎರಡು ಜೀವ, ಮುಗೀತು. ಮೆಜೆಸ್ಟಿಕ್‌ನಲ್ಲಿ ವಿಚಾರಣೆ ಕಿಟಕಿಯೊಳಗೆ ಮೊದಲು ಕೈ ಹೋಗುತ್ತೆ, ಆಮೇಲೆ "ಹಾಸನ ಎಷ್ಟನೇ ಪ್ಲಾಟ್‌ಫಾರಂ?" ಹೋಗುತ್ತೆ. ಮೆಡಿಕಲ್ ಶಾಪಿನಲ್ಲಿ ನಮಗಿಂತ ಮೊದಲು ಬಂದವರ ಭುಜದ ಮೇಲಿಂದ "ಒಂದು ಶೀಟ್ ಡೋಲೊ". ದರ್ಶಿನಿಯಲ್ಲಂತೂ ಬೈಟು ಕಾಫಿ ಅನ್ನುವುದೇ ಒಂದು ನಮಸ್ಕಾರ. ನಮಸ್ಕಾರ ಅನ್ನುವ ಪದವನ್ನು ನಾವು ಮದುವೆ ಮಂಟಪಕ್ಕೆ, ಸ್ಟೇಜಿಗೆ ಮತ್ತು ವೋಟು ಕೇಳಲು ಬರುವವರಿಗೆ ಎತ್ತಿಟ್ಟಿದ್ದೀವಿ. ಕೆಳಗಡೆ ಅಂಗಡಿಯವನಿಗೆ ಅದನ್ನು ಹೇಳಿ ನೋಡಿ. ಸಾಲ ಕೇಳೋಕೆ ಬಂದ ಅಂದುಕೊಳ್ಳುತ್ತಾನೆ.

ಶುಭೋದಯ ಅಂತ ಒಂದು ಪದ ಇದೆ. ಯಾರ ಬಾಯಲ್ಲಾದರೂ ಕೇಳಿದ್ದೀರಾ? ರೇಡಿಯೋ ಬಿಟ್ಟರೆ ಅದು ಬದುಕಿರುವುದು ವಾಟ್ಸ್ಯಾಪ್‌ನಲ್ಲಿ, ಗುಲಾಬಿ ಹೂವಿನ ಪಕ್ಕದಲ್ಲಿ. ದಿನಾ ಬೆಳಿಗ್ಗೆ ನಲವತ್ತು ಜನಕ್ಕೆ ಅದನ್ನು ಕಳಿಸುವ ನಮ್ಮ ಚಿಕ್ಕಪ್ಪ ಎದುರುಮನೆಯವರ ಜೊತೆ ಮಾತು ಬಿಟ್ಟು ಎಂಟು ವರ್ಷ.

ಮಾರ್ಚ್‌ನಲ್ಲಿ ಹೋದೆವು. ಬಾಡಿಗೆ ಕಾರು ತೆಗೆದುಕೊಂಡೆ. ಅಲ್ಲಿ ನಮ್ಮೂರಿನ ಹಾಗೆ ಎಡಗಡೆ ಓಡಿಸುವುದು. ಹತ್ತು ವರ್ಷ ಕೆನಡಾದಲ್ಲಿ ಬಲಗಡೆ ಓಡಿಸಿದ ಕೈ, ಪ್ರತಿ ತಿರುವಿನಲ್ಲಿ ಇಂಡಿಕೇಟರ್ ಬದಲು ವೈಪರ್ ಹಾಕುತ್ತಿತ್ತು. ಮಳೆಯಿಲ್ಲದ ಊರಿನಲ್ಲಿ ವೈಪರ್ ಆಡಿಸಿಕೊಂಡು ಹೋಗುವ ಕಾರು ನಮ್ಮದೊಂದೇ. ಎದುರಿನವರು ಚಿಕ್ಕದಾಗಿ "ಪೀಂ" ಅಂತ ಹಾರ್ನ್ ಮಾಡಿದಾಗ ಬೈಯುತ್ತಿದ್ದಾರೆ ಅಂದುಕೊಂಡು ಮುಖ ಗಂಟು ಹಾಕಿಕೊಂಡೆ. ಎರಡು ದಿನ ಬೇಕಾಯಿತು ಗೊತ್ತಾಗಲು. ಅಲ್ಲಿ ಆ ಪುಟ್ಟ ಹಾರ್ನ್ ಅಂದರೆ ದಾರಿ ಬಿಟ್ಟಿದ್ದಕ್ಕೆ ಥ್ಯಾಂಕ್ಸ್, ಅಥವಾ ಸುಮ್ನೆ ಒಂದು ನಮಸ್ಕಾರ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನ ಹಾರ್ನ್ ಕೇಳಿ ಬೆಳೆದವನಿಗೆ ಹಾರ್ನಿನಲ್ಲೂ ಮರ್ಯಾದೆ ಇರಬಹುದು ಅಂತ ಹೇಗೆ ಹೊಳೆಯಬೇಕು?

ಕಾರು ವಾಪಸ್ ಕೊಟ್ಟ ಮೇಲೆ ಮ್ಯಾಕ್ಸಿ ಟ್ಯಾಕ್ಸಿ. ಬಿಳಿ ವ್ಯಾನು, ಮೈಮೇಲೆ ನೀಲಿ ಪಟ್ಟೆ. ನಮ್ಮ ಹಳ್ಳಿ ಕಡೆ ಟೆಂಪೋ ಇದ್ದ ಹಾಗೆ, ಕೈ ಅಡ್ಡ ಹಿಡಿದರೆ ನಿಲ್ಲುತ್ತೆ. ಟೊಬಾಗೊದ ಮುಖ್ಯ ಪಟ್ಟಣ ಸ್ಕಾರ್ಬರೊ ದಾರಿಯಲ್ಲಿ ಒಬ್ಬ ಹುಡುಗ ಹತ್ತಿದ. ಹನ್ನೆರಡು ವರ್ಷ ಇರಬಹುದು. ಯೂನಿಫಾರಂ, ಒಂದು ಶೂ ಲೇಸ್ ಬಿಚ್ಚಿತ್ತು, ಬಾಯಲ್ಲಿ ಏನೋ ಅಗಿಯುತ್ತಿದ್ದ. ಒಳಗೆ ತಲೆ ಹಾಕಿದವನೇ ಅಗಿಯುವುದು ನಿಲ್ಲಿಸಿ, ನುಂಗಿ, "ಗುಡ್ ಮಾರ್ನಿಂಗ್" ಅಂದ. ಯಾರಿಗೂ ಅಂತಲ್ಲ, ವ್ಯಾನಿಗೆ. ಒಳಗಿದ್ದ ಎಂಟು ಜನವೂ "ಮಾರ್ನಿಂಗ್" ಅಂದರು. ಅಜ್ಜಿ ಒಬ್ಬರು ಕಣ್ಣು ಮುಚ್ಚಿಕೊಂಡೇ ಅಂದರು. ಅವನು ಕೂತ, ಮತ್ತೆ ಅಗಿಯತೊಡಗಿದ. ನನ್ನ ಮಗ ನನ್ನ ಕಡೆ ನೋಡಿದ. ನಾನು ಕಿಟಕಿ ಕಡೆ ನೋಡಿದೆ.

ಇನ್ನೊಂದು ಮಜಾ. ಕತ್ತಲಾದ ಮೇಲೆ ಅಲ್ಲಿ ಎದುರಾದಾಗ ಹೇಳುವುದೇ "ಗುಡ್ ನೈಟ್". ಮೊದಲ ರಾತ್ರಿ ಗೇಟು ತೆರೆದ ಆಂಟಿ ನಗುನಗುತ್ತಾ "ಗುಡ್ ನೈಟ್, ಗುಡ್ ನೈಟ್" ಅಂದಾಗ, ಇದೇನಪ್ಪ ಬಂದ ತಕ್ಷಣ ಮಲಗೋಕೆ ಹೇಳ್ತಿದ್ದಾರೆ ಅನಿಸಿತ್ತು.

ವಾರದ ಕೊನೆಗೆ ಟ್ರಿನಿಡಾಡ್‌ನಲ್ಲಿ ಎರಡು ದಿನ, ಗೆಳೆಯನ ಅಪ್ಪನ ಮನೆಯಲ್ಲಿ. ನಾನು ಕರ್ನಾಟಕದವನು ಅಂದಾಗ ಆ ಮುದುಕರು ಕೇಳಿದ ಮೊದಲ ಮಾತು: "ವಿಶ್ವನಾಥ್ ಊರಾ?" 1976ರ ಏಪ್ರಿಲ್‌ನಲ್ಲಿ ಕ್ವೀನ್ಸ್ ಪಾರ್ಕ್ ಓವಲ್‌ನಲ್ಲಿ ಭಾರತ 403 ರನ್ ಬೆನ್ನಟ್ಟಿ ಗೆದ್ದಾಗ ಅವರು ಸ್ಟ್ಯಾಂಡಿನಲ್ಲಿದ್ದರಂತೆ. ಗವಾಸ್ಕರ್ 102, ನಮ್ಮ ವಿಶ್ವನಾಥ್ 112. ಮೊದಲ ಇನ್ನಿಂಗ್ಸಿನಲ್ಲಿ ಚಂದ್ರಶೇಖರ್‌ಗೆ ಆರು ವಿಕೆಟ್. ಕೊನೆಗೆ ಬ್ರಿಜೇಶ್ ಪಟೇಲ್ 49 ನಾಟೌಟ್. ನಮ್ಮ ರಾಜ್ಯದವರ ಲೆಕ್ಕವನ್ನು ನನಗಿಂತ ಚೆನ್ನಾಗಿ ಅವರೇ ಒಪ್ಪಿಸಿದರು. ಅದಕ್ಕೂ ಮೊದಲು "ಸೀತಾರಾಮ್" ಅಂದಿದ್ದರು. ಅಲ್ಲಿನ ಹಿಂದೂಗಳು ಒಬ್ಬರನ್ನೊಬ್ಬರು ಮಾತಾಡಿಸುವುದು ಹಾಗೆ. ಹಡಗು ಹತ್ತಿಸಿದವರು ಅವರಿಂದ ಭಾಷೆಯನ್ನೇ ಕಿತ್ತುಕೊಂಡರು, ಈಗ ಮನೆಯಲ್ಲಿ ಎಲ್ಲರದೂ ಇಂಗ್ಲಿಷ್. ಆದರೆ ಬಾಗಿಲಲ್ಲಿ ಹೇಳುವ ಮಾತು ಉಳಿದಿದೆ.

ಕ್ಯಾರಪಿಚೈಮಾ ಅನ್ನುವ ಊರಿನಲ್ಲಿ 85 ಅಡಿಯ ಹನುಮಂತನನ್ನು ನೋಡಿದೆವು. ಗೋಪುರ, ಕಂಬ, ಬಣ್ಣ ಎಲ್ಲ ನಮ್ಮ ಕಡೆಯದೇ ಅನಿಸಿತು. ವಿಚಾರಿಸಿದರೆ ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ಆಶ್ರಮದ ನಂಟು. ಬೆಳಿಗ್ಗೆ ರಸ್ತೆ ಬದಿಯಲ್ಲಿ ಡಬಲ್ಸ್ ತಿಂದೆವು. ಎರಡು ಮೆತ್ತನೆ ಬಾರಾ, ಅಂದರೆ ಕರಿದ ರೊಟ್ಟಿ, ನಡುವೆ ಕಡಲೆ, ಹುಣಸೆ ಚಟ್ನಿ, ಸೌತೆಕಾಯಿ, ಖಾರ ಎಷ್ಟು ಅಂತ ಕೇಳಿ ಹಾಕುತ್ತಾರೆ. ಅದರ ಪಕ್ಕದಲ್ಲೇ ಸಹೀನಾ ಅಂತ ಒಂದು ಇತ್ತು. ಕಚ್ಚಿದವಳೇ ಹೆಂಡತಿ ನಿಂತುಬಿಟ್ಟಳು. ಅರ್ಧವನ್ನು ಬೆಳಕಿಗೆ ಹಿಡಿದಳು. ಹಸಿರು ಸುರುಳಿ, ಸುರುಳಿಯ ಸಂದಿನಲ್ಲಿ ಹಳದಿ ಹಿಟ್ಟು, ಅಂಚು ಎಣ್ಣೆಯಲ್ಲಿ ಗರಿಗರಿ. ಕೆಸುವಿನ ಎಲೆ. "ಇದು ಪತ್ರೊಡೆ ಕಣ್ರೀ" ಅಂದಳು. ಅವಳು ಸಾಗರದವಳು, ಪತ್ರೊಡೆ ವಿಷಯದಲ್ಲಿ ಸುಮ್ಮನೆ ಒಪ್ಪುವವಳಲ್ಲ. ಅಕ್ಕಿ ಇಲ್ಲ, ಬೇಳೆ ಹಿಟ್ಟು, ಬೆಲ್ಲ ಕಡಿಮೆ ಅಂತ ತಕರಾರು ತೆಗೆದು ನಾಲ್ಕು ತಿಂದಳು. ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನ ಸವಾನಾ ಮೈದಾನದ ಸುತ್ತ ಮಳೆಮರ, ಗುಲಾಬಿ ಹೂವಿನ ಪೂಯಿ ಮರ. ಪೂಯಿ ಅಂದರೆ ಬೆಂಗಳೂರಿನ ಟಬೂಬಿಯಾನೇ. ಮಾರ್ಚ್ ಬಂದರೆ ನಾವು ಜಯನಗರದಲ್ಲಿ ಫೋಟೋ ತೆಗೆಯುವ ಮರದ ತವರು ಈ ಕಡೆ. ಎಳನೀರು ಕೊಚ್ಚುವವನ ಹತ್ತಿರ ಹೋಗಿ, ಗಂಟೆ ನೋಡಿಕೊಂಡು, ಸರಿಯಾದ ನಮಸ್ಕಾರ ಹೇಳಿ, ಆಮೇಲೆ ಎಷ್ಟು ಅಂತ ಕೇಳಿದೆ. ನನಗೇ ನನ್ನ ಮೇಲೆ ಹೆಮ್ಮೆ.

ಈಸ್ಟರ್ ಕಳೆದ ಮಂಗಳವಾರ ಟೊಬಾಗೊದ ಬಕ್ಕೂನಲ್ಲಿ ಆಡಿನ ಓಟ ಇರುತ್ತೆ. ಹಗ್ಗ ಹಿಡಿದು ಬರಿಗಾಲಲ್ಲಿ ಆಡಿನ ಹಿಂದೆ ಓಡುತ್ತಾರಂತೆ. ಕಂಬಳದವರು ನೋಡಲೇಬೇಕಾದ್ದು. ನಮಗೆ ರಜೆ ಮುಗಿದಿತ್ತು.

ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಹೋದೆ. ಹೊಸದಾಗಿ ಮಡಿ ಕಲಿತವರು ಮೂರು ಸಲ ಸ್ನಾನ ಮಾಡುತ್ತಾರಲ್ಲ, ಹಾಗಾಗಿತ್ತು ನನ್ನ ಕಥೆ. ಭಾವನ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಹತ್ತಿದವರಿಗೆಲ್ಲ ಗುಡ್ ಮಾರ್ನಿಂಗ್ ಹೇಳಿದೆ. ಒಬ್ಬರು ಕಿವಿಯಿಂದ ಇಯರ್‌ಫೋನ್ ತೆಗೆದು "ಏನಂದ್ರಿ?" ಅಂದರು. ಮತ್ತೊಬ್ಬರು ನಾಲ್ಕನೇ ಮಹಡಿ ಬದಲು ಎರಡರಲ್ಲೇ ಇಳಿದರು. ಆಟೋದವನಿಗೆ "ನಮಸ್ಕಾರ, ಚೆನ್ನಾಗಿದ್ದೀರಾ" ಅಂದೆ. "ಎಲ್ಲಿಗೆ ಹೇಳಿ ಸಾರ್" ಅಂದ. ನನ್ನ ಅನುಮಾನ, ಅದಕ್ಕೇ ಐವತ್ತು ರೂಪಾಯಿ ಜಾಸ್ತಿ ಕೇಳಿದ. ಗೇಟಿನ ಸೆಕ್ಯುರಿಟಿಯವನು ಮಾತ್ರ ಎದ್ದು ನಿಂತು ಸೆಲ್ಯೂಟ್ ಹೊಡೆದ. ಅದು ನಾನು ಕೇಳಿದ್ದಲ್ಲ. ಸಮಸಮ ನಿಂತು ಹೇಳುವ ಗುಡ್ ಮಾರ್ನಿಂಗ್ ನಮ್ಮ ಗೇಟಿನಲ್ಲಿ ಸಿಗುವುದಿಲ್ಲ, ಒಂದೋ ಸೆಲ್ಯೂಟ್, ಇಲ್ಲವೋ ಏನೂ ಇಲ್ಲ. ಇದು ನನಗೆ ಇವತ್ತಿಗೂ ಚುಚ್ಚುತ್ತೆ.

ರಾತ್ರಿ ಊಟಕ್ಕೆ ಕೂತಾಗ ಭಾವನಿಗೆ ಇದನ್ನೆಲ್ಲ ಭಾಷಣ ಮಾಡಿದೆ. ಅವನು ಮುದ್ದೆ ಮುರಿಯುತ್ತಾ ಪೂರ್ತಿ ಕೇಳಿದ.

"ಟೊಬಾಗೊ ಎಷ್ಟು ದೊಡ್ಡದು?"

"300 ಚದರ ಕಿಲೋಮೀಟರ್."

"ಜನ?"

"ಅರವತ್ತು ಸಾವಿರ ಇರಬಹುದು."

"ನಮ್ಮ ಲೇಔಟಿನಲ್ಲಿ ಅದಕ್ಕಿಂತ ಜಾಸ್ತಿ ಇದ್ದಾರೆ. ಮೆಜೆಸ್ಟಿಕ್‌ನಲ್ಲಿ ನಿಂತು ಎಲ್ಲರಿಗೂ ಗುಡ್ ಮಾರ್ನಿಂಗ್ ಹೇಳೋಕೆ ಶುರು ಮಾಡು. ಮುಗಿಯೋ ಹೊತ್ತಿಗೆ ನಿಮ್ಮ ಆಂಟಿ ಥರ ಗುಡ್ ನೈಟ್ ಹೇಳಬೇಕಾಗುತ್ತೆ."

ಟೊರೊಂಟೊ ದೊಡ್ಡ ಊರಲ್ವಾ, ಅಲ್ಲಿ ನನ್ನ ಗೆಳೆಯ ದಿನಾ ಹೇಳಲ್ವಾ ಅಂತ ವಾದ ಮಾಡಿದೆ. ಸೋತೆ ಅಂತ ಒಪ್ಪಲಿಲ್ಲ. ಆದರೆ ಅದೇ ವಾರ ಟ್ರಿನಿಡಾಡ್ ಸುದ್ದಿಯಲ್ಲಿತ್ತು. ಡಿಸೆಂಬರ್ 30ಕ್ಕೆ ಅಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು, ಗುಂಪುಗಳ ಗುಂಡಿನ ಕಾಟಕ್ಕೆ. ಭಾವ ಪೇಪರ್ ಮಡಚಿ ನನ್ನ ಮುಂದಿಟ್ಟ, ಏನೂ ಹೇಳಲಿಲ್ಲ. ಹೌದು, ಅದೂ ನಿಜ. ನಾನೇ ನೋಡಿದ್ದೆ, ಹೇಳಿರಲಿಲ್ಲ ಅಷ್ಟೇ. ಗೆಳೆಯನ ಅಪ್ಪನ ಮನೆಯ ಕಿಟಕಿ, ಬಾಗಿಲು, ವರಾಂಡ ಎಲ್ಲಕ್ಕೂ ಕಬ್ಬಿಣದ ಸರಳು. ಸರಳಿನ ಹಿಂದೆ ನಿಂತೇ ಅವರು ಸೀತಾರಾಮ್ ಅಂದಿದ್ದು. ಕತ್ತಲಾದ ಮೇಲೆ ನಡೆದು ಹೋಗಬೇಡಿ, ನಾನೇ ಬಿಟ್ಟು ಬರುತ್ತೇನೆ ಅಂತ ಪ್ರತಿ ಸಲ ಕಾರಿನ ಕೀ ತೆಗೆಯುತ್ತಿದ್ದರು.

ಇನ್ನೊಂದು ವಿಷಯವೂ ಇದೆ. ಇದನ್ನು ಬರೆಯಲು ನನಗೆ ಅಷ್ಟೇನು ಇಷ್ಟವಿಲ್ಲ. ಟೊಬಾಗೊ ಆಂಟಿ ಏಳು ದಿನವೂ ಹೊತ್ತು ಹೊತ್ತಿಗೆ ಸರಿಯಾದ ನಮಸ್ಕಾರ ಹೇಳಿದರು. ನಮ್ಮ ಅಪ್ಪ ಅಮ್ಮ ಇದ್ದಾರಾ, ಯಾಕೆ ಒಬ್ಬನೇ ಮಗ, ಅಂತ ಒಂದು ದಿನವೂ ಕೇಳಲಿಲ್ಲ. ಕೇಳದಿರುವುದೇ ಅವರ ಮರ್ಯಾದೆ ಇರಬಹುದು. ಬೆಂಗಳೂರಿನಿಂದ ಹಾಸನಕ್ಕೆ ರೈಲಿನಲ್ಲಿ ಹೋದಾಗ ಎದುರು ಕೂತ ಅಜ್ಜಿ ನಮಸ್ಕಾರ ಪಮಸ್ಕಾರ ಏನೂ ಹೇಳಲಿಲ್ಲ. "ಯಾವೂರು? ಯಾರ ಪೈಕಿ? ಅಲ್ಲೆಷ್ಟು ಸಂಬಳ? ಇನ್ನೊಂದು ಮಗು ಯಾಕೆ ಮಾಡ್ಕೊಳ್ಳಲಿಲ್ಲ?" ಹೀಗೆ ಕುಣಿಗಲ್ ದಾಟುವಷ್ಟರಲ್ಲಿ ನನ್ನ ಜಾತಕ ಅವರ ಸೆರಗಿನಲ್ಲಿತ್ತು. ಆಮೇಲೆ ಚೀಲದಿಂದ ಒಂದು ಡಬ್ಬಿ ತೆಗೆದರು. ಮಾತ್ರೆಯ ಹಳೇ ಡಬ್ಬಿ, ಮುಚ್ಚಳ ಬಿಗಿ, ಹಲ್ಲಿನಲ್ಲಿ ಕಚ್ಚಿ ತೆಗೆದರು. ಒಳಗೆ ಕೋಡುಬಳೆ. ಮೂರು ಉಳಿದಿತ್ತು. ಎರಡು ನನಗೆ ಕೊಟ್ಟರು. ಇಳಿಯುವಾಗಲೂ ಬರ್ತೀನಿ ಅನ್ನಲಿಲ್ಲ. "ತಲೆಗೆ ಎಣ್ಣೆ ಹಚ್ಕೋ" ಅಂದರು.

ಹಾಗಂತ ಆಟೋದವನ "ಮುನ್ನೂರು" ಸರಿ ಅಂತ ನಾನು ಒಪ್ಪಲ್ಲ.

ಈಗ ಆಫೀಸಿನಲ್ಲಿ ಪಕ್ಕದ ಮೇಜಿನವನಿಗಿಂತ ಮೊದಲೇ ಗುಡ್ ಮಾರ್ನಿಂಗ್ ಹೇಳುತ್ತೇನೆ. ಅವನು ಬೇಕಂತಲೇ "ಆ ಫೈಲ್ ಕಳಿಸಿದ್ಯಾ?" ಅನ್ನುತ್ತಾನೆ. ಆಂಟಿಗೆ ಮುಂದಿನ ಸಲದ ಈಸ್ಟರ್‌ಗೆ ರೂಮ್ ಕೇಳಿದ್ದೇನೆ, ಆಡಿನ ಓಟ ನೋಡಬೇಕು.

ಶನಿವಾರ ಬೆಳಿಗ್ಗೆ ಎಂದಿನಂತೆ ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಸಂಜೆ, ದೀಪ ಹಚ್ಚುವ ಹೊತ್ತು. ಇಪ್ಪತ್ತು ವರ್ಷದಿಂದ ಅಮ್ಮ ಫೋನ್ ಎತ್ತಿದ ತಕ್ಷಣ ಕೇಳುವುದು "ತಿಂಡಿ ಆಯ್ತಾ?", ನಾನು ಹೇಳುವುದು "ಆಯ್ತು, ಏನು ವಿಷಯ ಹೇಳು". ಈ ಸಲ ಅವಳು ಕೇಳುವ ಮೊದಲೇ, "ಗುಡ್ ಈವ್ನಿಂಗ್ ಅಮ್ಮ, ಹೇಗಿದ್ದೀಯ?" ಅಂದೆ.

ಆ ಕಡೆ ಸದ್ದಿಲ್ಲ. ಸ್ಕ್ರೀನ್ ನೋಡಿದೆ, ಸೆಕೆಂಡುಗಳು ಓಡುತ್ತಿದ್ದವು.

"ಯಾಕೋ, ಮೈ ಹುಷಾರಿಲ್ವಾ?" ಅಂದಳು ಅಮ್ಮ. "ತಿಂಡಿ ತಿಂದ್ಯಾ ಇಲ್ವಾ?"